ಬ್ಯಾಟರಿಯ ಮೇಲಿನ ಭಂಡಾರ

ಪುಣೆಯ ಧನಕವಡಿಯಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ. ಇನ್ವರ್ಟರ್ ಬ್ಯಾಟರಿಗೆ ತಿಂಗಳಿಗೊಮ್ಮೆ ನೀರು ನೋಡಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಗಂಟಲು ಹರಿದಿದೆ. ಪಕ್ಕದ ಹೋಟೆಲಿನ ಮೋಹನದಾಸರಂತೂ ನಕ್ಕು, ಚಹಾ ಕುಡಿಸಿ ಕಳಿಸುತ್ತಾರೆ. ನನ್ನ ಮನೆಯ ಬ್ಯಾಟರಿಯನ್ನು ನಾನೂ ನೋಡಿರಲಿಲ್ಲ, ಅದು ಬೇರೆ ಮಾತು.

ಕಳೆದ ಭಾನುವಾರ ನೋಡಲೇಬೇಕಾಯಿತು. ಗುರುವಾರ ಹೆಂಡತಿ ಮಾಧುರಿಗೆ ಮನೆಯಿಂದಲೇ ಆನ್‌ಲೈನ್ ಸಂದರ್ಶನ. ಎಷ್ಟೋ ದಿನ ಕೆಲಸವಿಲ್ಲದೆ ಕಾದು ಸಿಕ್ಕ ಅವಕಾಶ. ಗುರುವಾರವೆಂದರೆ ನಮ್ಮ ಕಡೆ ಕರೆಂಟು ತೆಗೆಯುವ ದಿನ. ಟರ್ಮಿನಲ್ಲಿಗೆ ಹಿಡಿದ ಬಿಳಿ ಕಿಲುಬನ್ನು ಅಡುಗೆ ಸೋಡಾದ ನೀರಿನಿಂದ ತೊಳೆದು, ಡಿಸ್ಟಿಲ್ಡ್ ವಾಟರ್ ತರಲು ಅಂಗಡಿಗೆ ಹೋದೆ.

ಅಷ್ಟರಲ್ಲಿ ಜೇಜುರಿಯ ಮಲ್ಲಯ್ಯನ ಗುಡಿಗೆ ಹೋಗಿದ್ದ ಅವ್ವ ಮರಳಿ ಬಂದು, ದೇವರ ಭಂಡಾರದ ಅರಿಸಿನವನ್ನು ಮನೆಯ ಒಂದೊಂದು ವಸ್ತುವಿಗೂ ಉದುರಿಸಿದ್ದಳು. ಫ್ರಿಜ್ಜಿನ ಮೇಲೆ ಹಳದಿ, ಟೀವಿಯ ಮೇಲೆ ಹಳದಿ. ಸೋಡಾ ಇನ್ನೂ ಹಸಿಯಿದ್ದ ಬ್ಯಾಟರಿಯ ಮೇಲೆ ಮಾತ್ರ ಕುಂಕುಮದಂತೆ ಕೆಂಪಾಗಿತ್ತು.

"ಮಲ್ಲಯ್ಯ ಬಂದಾನ," ಅಂದಳು ಅವ್ವ, ಕೈಮುಗಿದು. "ಯಾರೂ ಮುಟ್ಟಬ್ಯಾಡ್ರಿ."

"ಅವ್ವಾ, ಅದು ಸೋಡಾ. ಅರಿಷಿಣಕ್ಕ ಸೋಡಾ ತಾಗಿದ್ರ ಕೆಂಪ ಆಗ್ತದ."

"ಸೋಡಾ ಹಾಕು ಅಂತ ನಿನಗ ಬುದ್ಧಿ ಕೊಟ್ಟಾಂವ ಯಾರು?"

ಅಂಗಡಿಯಿಂದ ಬೇರೆ ಬ್ಯಾಟರಿ ತರುತ್ತೇನೆಂದೆ.

"ಇದ್ದ ದೇವರನ್ನ ಹೊರಗ ಹಾಕಿ ಇನ್ನೊಂದ ತರ್ತೀ?"

ಅಲ್ಲಿಂದ ನನಗೂ ಅವ್ವನಿಗೂ ಮಾತಿಲ್ಲ. ನೀರು ಆರಿದ ಆ ಬ್ಯಾಟರಿ ಸಂದರ್ಶನದ ಅರ್ಧಕ್ಕೂ ಬಾಳುತ್ತಿರಲಿಲ್ಲ. ಮಾಧುರಿಯ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಅವಳೇ ಕೇಳಿದಳು: "ಅತ್ತಿ, ದೇವರು ಬಂದು ಇಷ್ಟ ದಿನ ಆತು. ಅಭಿಷೇಕ ಬ್ಯಾಡೇನ್ರಿ?"

ಅವ್ವ ಹೌಹಾರಿದಳು. ಸ್ನಾನ ಮಾಡಿ, ಮಡಿ ಉಟ್ಟು ಬಂದಳು. ನಾನು ಸ್ವಿಚ್ಚು ಆರಿಸಿದೆ. ಅವ್ವ ಬ್ಯಾಟರಿಯ ಆರೂ ಮುಚ್ಚಳ ತಾನೇ ತಿರುವಿ ತೆಗೆದು, ನಾನು ತೋರಿಸಿದ ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ಹೊಯ್ದಳು. ಆಮೇಲೆ ಹಾಲಿನ ತಂಬಿಗೆಗೆ ಕೈಹಾಕಿದಳು. ನಾನು ಕಿರುಚಿಕೊಂಡೆ.

"ಮಲ್ಲಯ್ಯ ಇವತ್ತ ಉಪವಾಸ ಅದಾನ್ರಿ, ಅತ್ತಿ," ಅಂದಳು ಮಾಧುರಿ. "ಬರೇ ನೀರ."

ಗುರುವಾರ ಕರೆಂಟು ಹೋಯಿತು, ಸಂದರ್ಶನ ನಡೆಯಿತು, ಕೆಲಸ ಸಿಕ್ಕಿತು. ಅವ್ವ ಓಣಿಗೆಲ್ಲ ಪೇಢೆ ಹಂಚಿದಳು, ಜೊತೆಗೆ ಕಥೆಯನ್ನೂ. ಅದರಲ್ಲಿ ನಾನು ದೇವರನ್ನು ಹೊರಗೆ ಹಾಕಲು ಹೊರಟ ಪಾಪಿ.

ಮರುದಿನ ಮೋಹನದಾಸರು ಅಂಗಡಿಗೆ ಬಂದರು, ಎಂದೂ ಇಲ್ಲದೆ ಚಪ್ಪಲಿ ಹೊರಗೆ ಬಿಟ್ಟು.

"ಸಿದ್ದಾರೂಢರೇ, ಆ ಅಭಿಷೇಕದ ನೀರು ಉಂಟಾ?"

ಸೋಡಾದ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಡಿಸ್ಟಿಲ್ಡ್ ವಾಟರಿನ ಬಾಟಲಿ ತೆಗೆದುಕೊಟ್ಟೆ.

"ತಿಂಗಳಾ ಅಮಾಸಿಗೆ ಮಾಡ್ರಿ," ಅಂದೆ. "ಒಂದ ತಿಂಗಳ ತಪ್ಪಿದ್ರೂ ಮಲ್ಲಯ್ಯ ಸಿಟ್ಟಾಗ್ತಾನ."