ಕೊಕ್ಕಿಗಿತ್ತಿಯ ಕೈಗೆ ಹಗ್ಗ

ಆ ಕಚೇರಿಯಲ್ಲಿ ಕತ್ತಿ, ಕೋಟೆ, ಮಂತ್ರ, ರಾಕ್ಷಸರು ಎಲ್ಲವೂ ಇದ್ದವು, ಕಾಗದದ ಮೇಲೆ. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟದ ಪುಸ್ತಕಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಪುಸ್ತಕದಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಪುಟ, ಮನುಷ್ಯರಿಗೂ ಒಂದು. ಈ ಸಲದ ಹೊಸ ಕುಲವನ್ನು ಬರೆದವಳು ತರಲೆ. ಅದು ಅವಳ ಹೆಸರಲ್ಲ. ಆದರೆ ಕೆಲಸಕ್ಕೆ ಸೇರಿದ ವಾರವೇ ಯಜಮಾನರಿಗೆ ಎದುರುತ್ತರ ಕೊಟ್ಟವಳಿಗೆ ಬೇರೆ ಯಾವ ಹೆಸರು ಅಂಟೀತು?

ಅವಳು ಕಟ್ಟಿದ ಕುಲ ಕೊಕ್ಕಿಗರದು. ಹಕ್ಕಿಯ ತಲೆ, ಮನುಷ್ಯರ ಕೈ, ಮೈತುಂಬ ಗರಿ, ಗರಿಗಿಂತ ಹೆಚ್ಚು ತುಂಟತನ. ಕಾವಲುಗಾರನ ಜೊತೆ ಹರಟುತ್ತಲೇ ಅವನ ಸೊಂಟದ ಬೀಗದ ಕೈ ಎತ್ತಿ, ಆ ಜಾಗದಲ್ಲಿ ಒಂದು ಚಮಚ ಸಿಕ್ಕಿಸಿ ಬರಬಲ್ಲವರು. ಯಜಮಾನರು ಓದಿ ಬಿದ್ದು ಬಿದ್ದು ನಕ್ಕರು. ಆಮೇಲೆ ಪೆನ್ನು ತೆಗೆದು 'ಸ್ವಭಾವ' ಎಂಬಲ್ಲಿ ತಮ್ಮದೊಂದು ಸಾಲು ಸೇರಿಸಿದರು: 'ಹುಟ್ಟುಗಳ್ಳರು. ನಂಬತಕ್ಕವರಲ್ಲ.'

"ಈ ಸಾಲು ಬೇಡ ಸಾರ್."

"ಕಣ್ಣಿಗೆ ಮಣ್ಣೆರಚೋರನ್ನ ಮತ್ತೇನಂತ ಕರೀಬೇಕಮ್ಮಾ? ಸತ್ಯವಂತರು ಅಂತಲಾ?"

"ಕೈಚಳಕ ಬೇರೆ, ಕಳ್ಳತನ ಬೇರೆ."

"ನೋಡೋರಿಗೆ ಎರಡೂ ಒಂದೇ. ಇರ್ಲಿ ಬಿಡು."

ತರಲೆಗೆ ಮೈಯೆಲ್ಲ ಉರಿಯಿತು. ಅವಳ ಅಪ್ಪ ಬೀದಿಯಲ್ಲಿ ಕೈಚಳಕ ತೋರಿಸಿ ಬದುಕಿದವನು. ಬಟ್ಟಲಿನಡಿಯ ಗೋಲಿಯನ್ನು ಮಾಯ ಮಾಡಿ ಯಾರದೋ ಕಿವಿಯ ಹಿಂದಿನಿಂದ ತೆಗೆಯುತ್ತಿದ್ದ. ಜನ ಹೋ ಎಂದು ಚಪ್ಪಾಳೆ ತಟ್ಟುತ್ತಿದ್ದರು. ತಟ್ಟಿದ ಕೈಯಿಂದಲೇ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬೀದಿಯಲ್ಲಿ ಯಾರ ಮನೆಯ ಚೊಂಬು ಕಾಣೆಯಾದರೂ ಮೊದಲು ಬಡಿಯುತ್ತಿದ್ದುದು ಇವರ ಬಾಗಿಲನ್ನು. ಅಪ್ಪ ಒಂದು ಹುಲ್ಲುಕಡ್ಡಿಯನ್ನೂ ಕದ್ದವನಲ್ಲ. ಅವನು ತೀರಿಕೊಂಡರೂ ಕಳ್ಳ ಎಂಬ ಮಾತು ತೀರಲಿಲ್ಲ. ಈಗ ಮಗಳು ಬರೆದ ಪುಟಕ್ಕೇ ಬಂದು ಕೂತಿದೆ.

"ಆ ಸಾಲು ಹೋಗ್ಬೇಕು, ಇಲ್ಲ ನಾನು ಹೋಗ್ಬೇಕು," ಎಂದಳು.

"ಪರೀಕ್ಷೆ ಆಟ ಆಗ್ಲಿ," ಎಂದರು ಯಜಮಾನರು. "ಯಾರು ಹೋಗೋದು ಅಂತ ಆಮೇಲೆ ನೋಡೋಣ."

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಅಲ್ಲಿನವರೇ ಒಮ್ಮೆ ಆಡಿ ನೋಡುತ್ತಿದ್ದರು. ಅದಕ್ಕೊಂದು ಕಟ್ಟಳೆ. ಪುಟದಲ್ಲಿ ಏನಿದೆಯೋ ಅದನ್ನು ನಂಬಿ ಆಡಬೇಕು. ಬರೆದವರೂ ಆಡಬಹುದು, ಆದರೆ 'ನಾನು ಹೇಳಿದ್ದು ಹಾಗಲ್ಲ' ಎಂದು ನಡುವೆ ಬಾಯಿ ಹಾಕುವಂತಿಲ್ಲ. ಈ ಕಟ್ಟಳೆ ಯಜಮಾನರದೇ, ಅದರ ಬಗ್ಗೆ ಅವರಿಗೆ ಹೆಮ್ಮೆಯೋ ಹೆಮ್ಮೆ.

ಮೇಜಿನ ಮೇಲೆ ಕೋಟೆಯ ನಕ್ಷೆ ಹರಡಿತು. ಕಥೆ ನಡೆಸುವವರು ಯಜಮಾನರು. ಚಿತ್ರಗಾರ ಕತ್ತಿವೀರನಾದ, ಪುಟ ಜೋಡಿಸುವ ಅಕ್ಕ ವೈದ್ಯೆಯಾದಳು, ತರಲೆ ಕೊಕ್ಕಿಗಿತ್ತಿಯಾದಳು. ಮೂವರೂ ಸೇರಿ ಕೋಟೆ ಹೊಕ್ಕು, ಸೆರೆಯಲ್ಲಿದ್ದ ರಾಣಿಯನ್ನು ಬಿಡಿಸಬೇಕು.

ಅಕ್ಕ ಕನ್ನಡಕ ಏರಿಸಿ ಪುಟ ಓದಿದಳು. "ಹುಟ್ಟುಗಳ್ಳರು ಅಂತಿದೆಯಲ್ಲೋ! ನನ್ನ ಔಷಧಿ ಚೀಲದ ಹತ್ರ ಇವಳನ್ನ ಹೇಗೆ ಬಿಡ್ಲಿ?"

"ಕೈ ಕಟ್ಟಿ ಹಾಕೋಣ," ಎಂದ ಚಿತ್ರಗಾರ. "ಬೇಜಾರು ಮಾಡ್ಕೋಬೇಡಮ್ಮಾ, ಪುಟ ಹಾಗೆ ಹೇಳುತ್ತೆ."

ದಾಳ ಉರುಳಿತು. ಕೊಕ್ಕಿಗಿತ್ತಿಯ ಕೈಗೆ ಹಗ್ಗ ಬಿತ್ತು. ತರಲೆ ತನ್ನ ಎರಡೂ ಕೈಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು ಕೂತಳು.

ಕೋಟೆ ಬಂತು. ಕತ್ತಿವೀರ ಬಾಗಿಲಿಗೆ ಗುದ್ದಿ ಭುಜ ಮುರಿದುಕೊಂಡ. ವೈದ್ಯೆ ಗೋಡೆ ಹತ್ತಲು ಹೋಗಿ ಚೀಲದ ಸಮೇತ ಕಂದಕಕ್ಕೆ ಬಿದ್ದಳು. ಮೇಲಿನಿಂದ ಬಾಣಗಳು ಸುರಿಯತೊಡಗಿದವು. ಬೀಗದ ಕೈ ಮಾತ್ರ ಕಾವಲುಗಾರನ ಸೊಂಟದಲ್ಲಿ ನೇತಾಡುತ್ತಲೇ ಇತ್ತು. ಯಜಮಾನರು ಆ ಕಾವಲುಗಾರನನ್ನು ಆಕಳಿಸುವಂತೆ ಮಾಡಿದರು, ತೂಕಡಿಸುವಂತೆ ಮಾಡಿದರು, ಕೊನೆಗೆ ಕೊಕ್ಕಿಗಿತ್ತಿಯ ಮಗ್ಗುಲಿಗೇ ತಂದು ಕೂರಿಸಿದರು. ತರಲೆಯ ಜೋಡಿಸಿದ ಕೈ ಮೇಜಿನಿಂದ ಏಳಲಿಲ್ಲ.

"ಏನಾದ್ರೂ ಮಾಡಮ್ಮಾ! ಇಬ್ಬರೂ ಸಾಯ್ತಾರೆ!"

"ಕೈ ಕಟ್ಟಿದ್ದಾರೆ ಸಾರ್."

"ಹಗ್ಗ ಬಿಚ್ಕೊಳ್ಳೋದು ಕೊಕ್ಕಿಗರಿಗೆ ಯಾವ ಮಹಾ ಕೆಲಸ?"

"ಬಿಚ್ಕೊಂಡ್ರೆ, ನೋಡು ಕಳ್ಳಿ ಅಂತೀರಿ."

"ನಾನೇ ಬಿಚ್ತೀನಿ ಕಣೇ!" ಎಂದು ಅಕ್ಕ ಕಂದಕದಲ್ಲಿ ಬಿದ್ದವಳಂತೆಯೇ ಕೂಗಿದಳು.

"ನಂಬತಕ್ಕವರಲ್ಲ ಅಂತಿದೆ ಅಕ್ಕಾ. ಪುಟ ಹೇಳಿದ ಹಾಗೆ ಆಡ್ಬೇಕು."

ಕತ್ತಿವೀರ ಸತ್ತ, ವೈದ್ಯೆಯೂ ಸತ್ತಳು, ರಾಣಿ ಕೋಟೆಯಲ್ಲೇ ಉಳಿದಳು. ಚಿತ್ರಗಾರ ದಾಳಗಳನ್ನು ಬಾಚಿ ಡಬ್ಬಿಗೆ ಹಾಕುತ್ತಾ, "ಇಂಥ ಆಟ ಯಾರು ಆಡ್ತಾರೆ ಸಾರ್?" ಎಂದ.

ಯಜಮಾನರು ಕೆಂಡಾಮಂಡಲವಾಗಿದ್ದರು. "ಬೇಕಂತಲೇ ಕೆಡಿಸಿದೆ ನೀನು."

"ಹೌದು, ಬೇಕಂತಲೇ. ಜೇಬು ಮುಟ್ಕೊಂಡು ನೋಡೋರ ಮುಂದೆ ನಮ್ಮಪ್ಪ ಜೀವಮಾನವೆಲ್ಲ ನಗ್ತಾ ಆಡಿದ. ನಾನು ಆಡಲ್ಲ ಸಾರ್. ಬೇಕಾದ್ರೆ ಈಗಲೇ ಮನೆಗೆ ಕಳಿಸಿ."

ಅವಳ ಕಣ್ಣು ಕೆಳಗಿಳಿಯಲಿಲ್ಲ. ಯಜಮಾನರು ಅಕ್ಕನ ಕಡೆ ನೋಡಿದರು, ಚಿತ್ರಗಾರನ ಕಡೆ ನೋಡಿದರು. ಅವನು ಡಬ್ಬಿಯ ಮುಚ್ಚಳ ಹಾಕಿದ, ಅಕ್ಕ ಕೊಕ್ಕಿಗರ ಪುಟವನ್ನು ಅವರತ್ತ ಸರಿಸಿದಳು. ಕೊನೆಗೆ ಗೊಣಗುತ್ತಲೇ ಆ ಸಾಲನ್ನು ಹೊಡೆದುಹಾಕಿ ಪೆನ್ನನ್ನು ಅವಳ ಮುಂದೆ ತಳ್ಳಿದರು.

"ತಗೋ. ಆ ಜಾಗ ಖಾಲಿ ಬಿಡೋಕಾಗಲ್ಲ. ಒಳ್ಳೆಯವರು, ಸಂಭಾವಿತರು ಅಂತ ಬರ್ಕೋ, ಹೋಗ್ಲಿ."

"ಅದೂ ಬೇಡ. ಮನುಷ್ಯರ ಪುಟದಲ್ಲಿ ಸ್ವಭಾವ ಅನ್ನೋ ಕಡೆ ಏನಂತ ಬರೆದಿದ್ದೀರಿ?"

ಯಜಮಾನರು ಹಾಳೆಗಳನ್ನು ತಿರುವಿ ಹುಡುಕತೊಡಗಿದರು. ಆ ಪುಟ ಜೋಡಿಸಿದ್ದ ಅಕ್ಕನೇ ಹೇಳಬೇಕಾಯಿತು.

"'ಒಬ್ಬೊಬ್ಬರದು ಒಂದೊಂದು' ಅಂತ."

ತರಲೆ ಅದನ್ನೇ ಬರೆದಳು.