ಸುಣ್ಣಕ್ಕೆ ಕೆಂಪಾಗದ ಭಂಡಾರ

ದಾಳಿಂಬ ಊರಿನ ಖಂಡೆಪ್ಪ, ಬೀರಪ್ಪ ದೇವರ ಹೆಸರೆತ್ತದೆ ಹಟ್ಟಿಯಿಂದ ಕುರಿ ಬಿಟ್ಟವನಲ್ಲ. ಭಾನುವಾರ ಬಂತೆಂದರೆ ಕುರಿಗಳ ಹಣೆಗೂ ಮನೆಮಂದಿಯ ಹಣೆಗೂ ಭಂಡಾರ, ಅಂದರೆ ದೇವರ ಅರಿಶಿಣ ಹಚ್ಚುತ್ತಾನೆ. ಆಮೇಲೆ ಮೊಮ್ಮಗಳು ಸೀಮಾಳ ನಾಲಿಗೆಗೊಂದು ಚಿಟಿಕೆ.

ಈ ಸಲ ಮನೆಯ ಅರಿಶಿಣ ತೀರುತ್ತ ಬಂದಿತ್ತು. ನಿಲಂಗಾ ಬಜಾರದಲ್ಲಿ ಹಳದಿ ಪುಡಿಯ ಚೀಲವೊಂದನ್ನು ಯಾವನೋ ಭಂಡಾರವೆಂದು ಅಗ್ಗಕ್ಕೆ ಮಾರಿದ. ಚೀಲದ ಮೇಲೆ ಯಾವುದೋ ದೇಶದ ಅಕ್ಷರ. ಹಡಗಿನಲ್ಲಿ ಬಂದ ಮಾಲು ಕಡಿಮೆ ದರ್ಜೆಯದಾಗಿರಲು ಸಾಧ್ಯವೇ ಎಂದುಕೊಂಡು ಮುದುಕ ಹೆಮ್ಮೆಯಿಂದ ಹೊತ್ತು ತಂದ.

ಭಾನುವಾರ ಬೆಳಿಗ್ಗೆ ಚೀಲ ಬಿಚ್ಚುವ ಹೊತ್ತಿಗೆ ಆಶಾ ಕಾರ್ಯಕರ್ತೆ ವಿಜಯಶ್ರೀ ಬಂದಳು. ಸೀಮಾ ನಾಲಿಗೆ ಚಾಚಿ ನಿಂತಿದ್ದಳು. ಚೀಲ ಕಂಡದ್ದೇ ವಿಜಯಶ್ರೀ ಮುದುಕನ ಕೈ ತಡೆದಳು.

“ಕಾಕಾ, ತಡೀರಿ. ಮೊದಲ ಈ ಚಿತ್ರ ನೋಡ್ರಿ.”

ಮೂಲೆಯ ಮೇಲೆ ನಿಂತ ಕೆಂಪು ಅಂಚಿನ ಚೌಕ, ಅದರೊಳಗೆ ಎದೆ ಬಿರಿದಂತಿರುವ ಕಪ್ಪು ಮನುಷ್ಯ. ಈ ಗುರುತಿದ್ದರೆ ಒಳಗಿನದು ದೇಹಕ್ಕೆ ಅಪಾಯ, ಇದು ಬಣ್ಣದ ಕಾರ್ಖಾನೆಗೆ ಹೋಗುವ ಪುಡಿ, ಇಂಥದರಲ್ಲಿ ಸೀಸ ಇರಬಹುದು, ಅದು ಮಕ್ಕಳ ಮಿದುಳು ಕೆಡಿಸುತ್ತದೆ ಎಂದು ಆಕೆ ಬಿಡಿಸಿ ಹೇಳಿದಳು. ರಾಸಾಯನಿಕ ದೇಶ ದೇಶ ಸುತ್ತುತ್ತದೆ, ಎಲ್ಲರ ಅಕ್ಷರ ಎಲ್ಲರಿಗೂ ಬಾರದು, ಅದಕ್ಕೇ ಈ ಗುರುತು ದೇಶ ಬದಲಾದರೂ ಬದಲಾಗುವುದಿಲ್ಲ ಎಂದಳು.

ಖಂಡೆಪ್ಪನಿಗೆ ಸಿಟ್ಟು ಬಂತು. “ದೇವರ ಹೆಸರ್ಲೆ ತಂದೀನಿ. ಭಂಡಾರದಾಗ ವಿಷ ಎಲ್ಲಿಂದ ಬರ್ತದ?”

“ದೇವರು ಬಣ್ಣ ಬೇಡಿಲ್ರೀ ಕಾಕಾ, ಅರಿಶಿಣ ಬೇಡ್ಯಾನ. ನಿಮ್ಮ ಕಿಸೇದಾಗಿನ ಸುಣ್ಣ ತಗೀರಿ. ಖರೆ ಅರಿಶಿಣ ಸುಣ್ಣಕ್ಕ ಕೆಂಪಾಗ್ತದ.”

ಹೆಂಡತಿ ಮಾಣಿಕಮ್ಮ ಡಬ್ಬಿಯ ತಳ ಕೆರೆದು ಹಳೆಯ ಅರಿಶಿಣ ತಂದಳು. ಮುದುಕ ತಂಬಾಕಿಗೆಂದು ಇಟ್ಟುಕೊಂಡ ಸುಣ್ಣ ತಾಗಿದ್ದೇ ಅದು ಕುಂಕುಮದಂತೆ ಕೆಂಪಾಯಿತು. ಚೀಲದ ಪುಡಿ ಕೆಂಪಾಗಲಿಲ್ಲ. ಖಂಡೆಪ್ಪ ಹಟ ಹಿಡಿದು ಕಡ್ಡಿಯಿಂದ ಇನ್ನಷ್ಟು ಸುಣ್ಣ ಕಲಸಿದ. ಆಗಲೂ ಹಳದಿಯೇ.

ಮುದುಕನ ಮುಖ ಇಳಿಯಿತು. “ನನ್ನ ಕೈಯ್ಯಾರೆ ಕೂಸಿಗಿ ಉಣಸ್ತಿದ್ನಲ್ಲ,” ಎಂದ.

ಚೀಲದ ಬಾಯಿ ಬಿಗಿದು ಕೈಯನ್ನು ಸಾಬೂನಿನಿಂದ ಎರಡೆರಡು ಸಲ ತೊಳೆದ. ಚೀಲವನ್ನು ಹಳ್ಳಕ್ಕೂ ತಿಪ್ಪೆಗೂ ಸುರಿಯದೆ ಉಮರ್ಗಾದ ತಾಲೂಕು ಕಚೇರಿಗೆ ಒಪ್ಪಿಸಬೇಕೆಂದು ವಿಜಯಶ್ರೀ ಹೇಳಿದಳು. ಸೋಮವಾರ ಮೊದಲ ಆಟೊ ಹತ್ತಿ ಉಮರ್ಗಾಕ್ಕೆ ಹೋದ ಖಂಡೆಪ್ಪ, ಅಧಿಕಾರಿಗಳು ಚೀಲ ವಶಕ್ಕೆ ತೆಗೆದುಕೊಂಡು ದೂರು ಬರೆದುಕೊಳ್ಳುವ ತನಕ ಅಲ್ಲಿಂದ ಕದಲಲಿಲ್ಲ. ಬರುವಾಗ ಅರಿಶಿಣದ ಕೊಂಬು ತಂದ. ಮಾಣಿಕಮ್ಮ ಅದನ್ನು ತೊಳೆದು, ಒಣಗಿಸಿ, ಕುಟ್ಟಿದಳು.

ಅಕ್ಕಂದಿರೇ, ಅಣ್ಣಂದಿರೇ, ಕೆಂಪು ಅಂಚಿನ ಚೌಕದ ಗುರುತಿರುವ ಚೀಲದಿಂದ ತಿನ್ನಲು ಏನನ್ನೂ ತೆಗೆಯಬೇಡಿ. ಸುಣ್ಣಕ್ಕೆ ಕೆಂಪಾಗದ್ದು ಅರಿಶಿಣವೇ ಅಲ್ಲ. ಕೆಂಪಾದರೂ ಬಣ್ಣ ಬೆರೆತಿರಬಹುದು, ಕೊಂಬಿಗೂ ಹೊಳಪಿಗೆಂದು ಬಣ್ಣ ಬಳಿಯುವುದುಂಟು, ಆದ್ದರಿಂದ ಹೆಚ್ಚು ಹೊಳೆಯದ ಕೊಂಬು ತಂದು ಮನೆಯಲ್ಲೇ ಕುಟ್ಟಿಕೊಳ್ಳಿ. ನಾಲಿಗೆ ಚಾಚಿ ನಿಂತ ಮಗು ಪುಡಿಯನ್ನು ನೋಡುವುದಿಲ್ಲ, ನಿಮ್ಮ ಕೈಯನ್ನು ನಂಬುತ್ತದೆ.