ವಿಮಾನಕ್ಕೆ ಒಬ್ಬಾಳು ಹೆಚ್ಚು

ಮುನಿಸ್ವಾಮಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ ದಿನಾ ಕೆಳಕ್ಕೆ ಇಳಿದು ಬಂದವನು. ಆಳುಗಳನ್ನು ಇಳಿಸಿ ಏರಿಸುವ ಕೇಜಿನಲ್ಲಿ ನಿಂತು ಎಂಟು ಸಾವಿರ ಅಡಿ ಪಾತಾಳಕ್ಕೆ ಹೋಗಿ ಬರುವುದು ಅವನಿಗೆ ಹಿತ್ತಲಿಗೆ ಹೋಗಿ ಬಂದಷ್ಟೇ ಸಲೀಸು. ಅಂಥವನು ಅರವತ್ತಮೂರನೇ ಇಸವಿಯ ಮೇ ತಿಂಗಳಲ್ಲಿ ವಿಮಾನ ಹತ್ತಿದ ಎಂಬ ಸುದ್ದಿ ಗಣಿ ಕೆಲಸದವರ ಕೋರಮಂಡಲ್ ಲೈನುಮನೆಗಳಲ್ಲಿ ವಾರಪೂರ್ತಿ ಬೇರೆ ಮಾತಿಗೆ ಜಾಗವನ್ನೇ ಕೊಡಲಿಲ್ಲ.

ಹೋದದ್ದು ಮೋಜಿಗಲ್ಲ, ಮಗಳು ಪಾಪಕ್ಕನನ್ನು ಕರೆತರುವುದಕ್ಕೆ. ಅಳಿಯ ಜಯರಾಮಪ್ಪ ಬೇತಮಂಗಲದ ಕಡೆಯವನು. ಬಂಗಾಳಕೊಲ್ಲಿಯ ನಡುವಿನ ಒಂದು ದ್ವೀಪದ ವಿಮಾನ ನಿಲ್ದಾಣದಲ್ಲಿ ವೈರ್‌ಲೆಸ್ ಕೆಲಸ ಅವನದು. ಪಾಪಕ್ಕನ ಚೊಚ್ಚಲ ಹೆರಿಗೆ ಅಲ್ಲೇ ಆಗಿತ್ತು. ದ್ವೀಪದಲ್ಲಿ ಹೆರಿಗೆ ಬಲ್ಲ ಡಾಕ್ಟರಿಲ್ಲ, ಮಗು ಉಳಿದಿರಲಿಲ್ಲ, ತಾಯಿ ಉಳಿದದ್ದೇ ದೊಡ್ಡದು. ಈಗ ಮತ್ತೆ ಏಳು ತಿಂಗಳು. "ಈ ಸಲ ನನ್ ಕಣ್ಮುಂದೇನೇ ಆಗ್ಬೇಕು. ಓಗಿ ಕರ್ಕೊಂಡ್ ಬಾ, ಇಲ್ದಿದ್ರೆ ನಾನೇ ಈಜ್ಕೊಂಡು ಓಗ್ತೀನಿ" ಎಂದು ಮುನಿಸ್ವಾಮಪ್ಪನ ಹೆಂಡತಿ ಮಂಗಮ್ಮ ಹಟ ಹಿಡಿದಳು. ಬೇತಮಂಗಲದ ಕೆರೆಯಲ್ಲೂ ಮೊಣಕಾಲಿಗಿಂತ ಆಳಕ್ಕೆ ಇಳಿಯದವಳು ಅವಳು. ಅಳಿಯ ತನ್ನ ಕೆಲಸದ ಮೇಲೆ ಸಿಗುವ ಪಾಸು ಕಳಿಸಿದ. ಮುನಿಸ್ವಾಮಪ್ಪ ರಜ ಹಾಕಿ ಬಂಗಾರಪೇಟೆಯಲ್ಲಿ ಮದರಾಸಿನ ರೈಲು ಹತ್ತಿದ.

ವಿಮಾನದ ಕಿಟಕಿಯಿಂದ ಕಂಡದ್ದನ್ನು ಅವನು ಕೊನೆಯವರೆಗೂ ಯಾರಿಗೂ ಸರಿಯಾಗಿ ಹೇಳಲಾರದೆ ಹೋದ. ಕೆಳಗೆ ನೀರು, ಮೇಲೆ ಆಕಾಶ, ನಡುವೆ ಗೋಡೆಯಿಲ್ಲ, ಕಂಬವಿಲ್ಲ, ತಲೆಯ ಮೇಲೆ ಕುಸಿಯುವುದಕ್ಕೆ ಒಂದು ಕಲ್ಲೂ ಇಲ್ಲ. ಕೊನೆಯಿಲ್ಲದ್ದು ಕತ್ತಲೆ ಒಂದೇ ಎಂದು ಅಷ್ಟು ವರ್ಷ ನಂಬಿದ್ದವನಿಗೆ ಆ ಬೆಳಕಿಗೂ ಕೊನೆ ಕಾಣಲಿಲ್ಲ. ಐದು ಗಂಟೆ ಹೊತ್ತು ಕತ್ತು ತಿರುಗಿಸದೆ ಕೂತಿದ್ದು, ಇಳಿದ ಮೇಲೆ ಕತ್ತಿಗೆ ಎರಡು ದಿನ ಎಣ್ಣೆ ತಿಕ್ಕಿಸಿಕೊಂಡ.

ನಿಲ್ದಾಣವೋ, ಹೆಸರಿಗೆ ನಿಲ್ದಾಣ. ಒಂದು ತಗಡಿನ ಕೊಟ್ಟಿಗೆ, ಎರಡು ಬೆಂಚು, ಕಂಬಕ್ಕೆ ಕಟ್ಟಿದ ಗಾಳಿ ನೋಡುವ ಬಟ್ಟೆಯ ಚೀಲ. ವಿಮಾನ ಬರುವ ಮುಂಚೆ ಒಬ್ಬ ಕೋಲು ಹಿಡಿದು ಓಡುದಾರಿಯ ಮೇಲಿನ ದನಗಳನ್ನು ಅಟ್ಟಿಬರಬೇಕು. ಆ ಹುಲ್ಲಿನ ಓಡುದಾರಿ ನೆಟ್ಟಗೆ ಹೋಗಿ ಕಡಲಿನ ಮೇಲಿನ ಬಂಡೆಯ ಅಂಚಿಗೆ ಮುಗಿದುಹೋಗುತ್ತಿತ್ತು. ಹದಿನೈದು ದಿನಕ್ಕೊಂದು ವಿಮಾನ. ಮಳೆ ಹಿಡಿದರೆ ನೆಲ ಕೆಸರಾಗಿ ನಾಲ್ಕು ತಿಂಗಳು ಅದೂ ಇಲ್ಲ. ಅಪ್ಪ ಮಗಳು ಹೊರಡಬೇಕಿದ್ದದ್ದು ಆ ವರ್ಷದ ಕಡೆಯ ವಿಮಾನದಲ್ಲಿ.

ಹೊರಡುವ ದಿನ ಬೆಳಿಗ್ಗೆಯೇ ಮೋಡ ಮುಸುಕಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಖಾಕಿ ಉಡುಪಿನ ಅಧಿಕಾರಿ, ಅವನ ಪಕ್ಕದಲ್ಲಿ ಮಂಡಿಯಲ್ಲಿ ಮೂಟೆ ತೂಗುವಂಥ ತಕ್ಕಡಿ. ಚಿಕ್ಕ ವಿಮಾನ, ಗಿಡ್ಡ ಓಡುದಾರಿ. ಗಂಟುಮೂಟೆ ಮಾತ್ರವಲ್ಲ, ಮನುಷ್ಯರನ್ನೂ ತೂಗಿಯೇ ಹತ್ತಿಸಬೇಕು. ಮದರಾಸಿನ ಉದ್ದದ ಓಡುದಾರಿಯಲ್ಲಿ ಹೀಗೆ ತೂಗಿರಲಿಲ್ಲ, ಇಲ್ಲಿ ತೂಗುತ್ತಾರೆಂದು ಮುನಿಸ್ವಾಮಪ್ಪನಿಗೆ ಯಾರೂ ಹೇಳಿರಲಿಲ್ಲ. "ಬಾ, ನಿಲ್ಲು" ಎಂದು ಅಧಿಕಾರಿ ತಮಿಳಿನಲ್ಲಿ ಕರೆದ.

ಮುನಿಸ್ವಾಮಪ್ಪ ಹಲಗೆ ಹತ್ತಿದವನೇ ಎರಡೂ ಕೈ ಮೇಲೆತ್ತಿದ. ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸಿದ. ತಲೆಯ ಟವಲು ಬಿಚ್ಚಿ ಒದರಿದ. ಪಂಚೆಯ ಅಂಚನ್ನು ಬೆರಳಲ್ಲಿ ಉದ್ದಕ್ಕೂ ಸವರಿ, ಒಂದು ಅಂಗಾಲು ತೋರಿಸಿದ, ಆಮೇಲೆ ಇನ್ನೊಂದು. ಗಣಿಯಿಂದ ಮೇಲೆ ಬಂದವರನ್ನು ಚಿನ್ನದ ಚೂರು ಬಚ್ಚಿಟ್ಟಿದ್ದಾರೇನೋ ಎಂದು ತಡವಿ ನೋಡದೆ ಗೇಟು ದಾಟಿಸುತ್ತಿರಲಿಲ್ಲ. ಇಪ್ಪತ್ತಾರು ವರ್ಷ ದಿನಾ ಮಾಡಿದ್ದನ್ನು ಖಾಕಿ ಕಂಡೊಡನೆ ಮೈ ತಾನೇ ಮಾಡಿತ್ತು. ತಕ್ಕಡಿಯ ಮುಳ್ಳು ಅತ್ತಿಂದಿತ್ತ ಕುಣಿಯಿತು. ಅದೇ ವಿಮಾನಕ್ಕೆ ಕಾದು ಬೆಂಚಿನ ಮೇಲಿದ್ದ ದಪ್ಪ ಕನ್ನಡಕದ ಟೀಚರಮ್ಮ ಕಿಸಕ್ಕನೆ ನಕ್ಕಳು.

ಪಾಪಕ್ಕ ಭಾರದ ಹೊಟ್ಟೆ ಹೊತ್ತು ಬಂದು ಅಪ್ಪನ ಕೈಗಳನ್ನು ಹಿಡಿದು ಕೆಳಕ್ಕಿಳಿಸಿದಳು. "ಇಲ್ಲಿ ತೂಕ ನೋಡ್ತಾರೆ ಅಷ್ಟೆ ಕಣಪ್ಪಾ. ಯಾರೂ ನಿನ್ನ ತಡವಲ್ಲ."

"ತಡವಲ್ವಾ?"

"ಇಲ್ಲ. ಅಲ್ಲಿ ದಿನಾ ಇಂಗೇ ನಿಲ್ಲಿಸ್ತಿದ್ರಾ? ಬಾಯಿ ತೆಗೆಸಿ?"

"ಅದೇನ್ ಮಹಾ ಬಿಡು" ಎಂದ ಮುನಿಸ್ವಾಮಪ್ಪ. ಮನೆಯಲ್ಲಿ ಈ ಮಾತು ಅವನು ಯಾವತ್ತೂ ಎತ್ತಿರಲಿಲ್ಲ. ಮಗಳ ಕಣ್ಣು ತುಂಬಿದ್ದು ನೋಡಿ ಟವಲನ್ನು ಬೇಕಿಲ್ಲದಿದ್ದರೂ ಎರಡು ಸಲ ಸುತ್ತಿಕೊಂಡ. ಬೆಂಚಿನ ಮೇಲಿನ ನಗುವೂ ನಿಂತುಹೋಗಿತ್ತು.

ಎಲ್ಲರ ತೂಕ ಕೂಡಿಸಿ ನೋಡಿ ಅಧಿಕಾರಿ ತಲೆ ಕೆರೆದುಕೊಂಡ. ರಾತ್ರಿ ಒಂದು ಹದ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಅಷ್ಟು ಭಾರ ಹೊತ್ತರೆ ವಿಮಾನ ಏಳುವುದಿಲ್ಲ. ಒಬ್ಬಾಳು ಇಳಿಯಲೇಬೇಕು. ಪಾಸಿನವರೇ ಮೊದಲು ಇಳಿಯುವುದು, ಪಟ್ಟಿಯಲ್ಲಿ ಕಡೆಯ ಹೆಸರು ಪಾಪಕ್ಕನದು, ಅವಳು ನಿಲ್ಲಲಿ ಎಂದ. ಜಯರಾಮಪ್ಪನ ಮುಖದಲ್ಲಿ ರಕ್ತವೇ ಇಲ್ಲ. ತನ್ನ ಮೇಲಧಿಕಾರಿಯ ಕೈಯಲ್ಲಿದ್ದ ಪಟ್ಟಿಗೆ ಬಗ್ಗಿ ಹೆಂಡತಿಯ ಹೆಸರನ್ನು ಮತ್ತೆ ಹುಡುಕಿದ.

ಕೋಲಾರ ಗಣಿಯಲ್ಲಿ ಬಾಳಿದವನಿಗೆ ತಮಿಳು ಯಾರೂ ಕಲಿಸಬೇಕಿಲ್ಲ. "ಅವಳನ್ನು ಹತ್ತಿಸಿ ಸಾಮಿ, ನಾನು ಇಳಿಯುತ್ತೇನೆ" ಎಂದ ಮುನಿಸ್ವಾಮಪ್ಪ.

ಬಸುರಿಯನ್ನು ಜೊತೆಗೊಬ್ಬರಿಲ್ಲದೆ ಹತ್ತಿಸುವಂತಿಲ್ಲ, ಹಾಗಾದರೆ ಇಬ್ಬರೂ ನಿಲ್ಲಿ ಎಂದು ಅಧಿಕಾರಿ ಪಟ್ಟಿ ಮಡಿಸಿದ. ಆಗ ಆ ಕನ್ನಡಕದ ಟೀಚರಮ್ಮ ಎದ್ದು ಬಂದಳು. ಮುನಿಸ್ವಾಮಪ್ಪನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. "ಈ ಹುಡುಗಿ ನನ್ನ ಜೊತೆ ಎಂದು ಬರೆದುಕೊಳ್ಳಿ. ಮದರಾಸಿನಲ್ಲಿ ಅವಳ ಕಡೆಯವರ ಕೈಗೆ ಒಪ್ಪಿಸುವ ತನಕ ಬಿಟ್ಟು ಹೋಗುವುದಿಲ್ಲ" ಎಂದು ಅಧಿಕಾರಿಗೇ ಹೇಳಿದಳು. ಮದರಾಸಿನಲ್ಲಿ ಮಂಗಮ್ಮನ ತಮ್ಮ ಸೊಣ್ಣಪ್ಪ ಕಾದಿದ್ದು ಮನೆಗೆ ಕರೆದೊಯ್ಯುವುದೆಂದು ಮೊದಲೇ ಮಾತಾಗಿತ್ತು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲಿನ ಕೆಲಸದವನು, ರೈಲಿನ ವಿಷಯದಲ್ಲಿ ಅವನಿಗೆ ಹೇಳಿಕೊಡಬೇಕಾದ್ದಿಲ್ಲ.

"ನಿನ್ನ ಬಿಟ್ಟು ನಾನೋಗಲ್ಲ" ಎಂದಳು ಪಾಪಕ್ಕ. "ರಜ ಮುಗೀತದೆ, ಗಣಿ ಪಟ್ಟೀಲಿ ನಿನ್ನ ಎಸರು ಒಡೆದಾಕ್ತಾರೆ. ಮಳೇಲಿ ಸಮುದ್ರದ್ ಮೇಲೆ ಅಡಗಲ್ಲಿ ಎಂಗ್ ಬತ್ತೀಯ?"

"ಕೇಜಲ್ಲಿ ಒಬ್ಬಾಳು ಎಚ್ಚಾದ್ರೆ ಯಾರಿಳೀತಾರೆ ಗೊತ್ತೇನಮ್ಮಾ? ಬಾಗ್ಲತ್ರ ಇರೋನು. ಯಾಕೆ ಅಂತ ಯಾರೂ ಕೇಳಲ್ಲ. ವಾದ ಮಾಡ್ಕೊಂಡ್ ನಿಂತ್ರೆ ಕೇಜೇ ಓಗಲ್ಲ, ಒಳಗಿರೋರೆಲ್ಲ ಕಾಯ್ಬೇಕು. ಈಗ ಬಾಗ್ಲತ್ರ ಇರೋನು ನಾನು. ಓಗು, ನಿಮ್ಮವ್ವ ಕಾಯ್ತಾವ್ಳೆ."

ಪಾಪಕ್ಕ ಅಳುತ್ತಲೇ ಹತ್ತಿದಳು. ವಿಮಾನ ಹುಲ್ಲಿನ ಮೇಲೆ ಕೆಸರೆರಚುತ್ತಾ ಓಡಿತು, ಓಡಿತು, ಇನ್ನೂ ನೆಲ ಬಿಡಲಿಲ್ಲ. ಬಂಡೆಯ ಅಂಚು ಬಂತು. ವಿಮಾನ ಅಂಚು ದಾಟಿ ಕಡಲ ಕಡೆಗೆ ಇಳಿದು ಕಣ್ಮರೆಯಾಯಿತು.

ಮುನಿಸ್ವಾಮಪ್ಪ ಅಂಚಿನ ಕಡೆಗೆ ನಾಲ್ಕು ಹೆಜ್ಜೆ ಓಡಿ ನಿಂತ. ಗಣಿಯೊಳಗೆ ಬಂಡೆ ಸಿಡಿದು ಪಕ್ಕದವನು ಹೂತುಹೋದಾಗಲೂ ಅವನು ಹೀಗೆ ಬರಿಗೈಯಲ್ಲಿ ನಿಂತವನಲ್ಲ. ಒಳಗಿದ್ದವನಿಗೆ ಕೈಗೊಂದು ಕೆಲಸವಿರುತ್ತದೆ, ಅಗೆಯಬಹುದು, ಕೂಗಬಹುದು. ಇಲ್ಲಿ ಬಯಲಲ್ಲಿ ನಿಂತವನಿಗೆ ನೋಡುವುದು ಬಿಟ್ಟರೆ ಏನೂ ಇರಲಿಲ್ಲ. ಅಷ್ಟರಲ್ಲಿ ದೂರದಲ್ಲಿ, ಅಂಚಿನಿಂದ ಎಷ್ಟೋ ಆಚೆ, ವಿಮಾನ ನೀರಿನ ಮೇಲಿನಿಂದ ಎದ್ದಿತು. ಮೋಡ ಸೀಳಿದ ಒಂದು ಬಿಸಿಲಿನ ಪಟ್ಟಿಯಲ್ಲಿ ರೆಕ್ಕೆ ಮಿಂಚಿ, ತನ್ನ ಮಗಳನ್ನೂ ಅವಳೊಳಗಿನ ಜೀವವನ್ನೂ ಹೊತ್ತುಕೊಂಡು ಮೇಲೆ ಮೇಲೆ ಹೋಯಿತು. ಅಂಥ ಚೆಲುವನ್ನು ಅವನು ಹುಟ್ಟಿದಾರಭ್ಯ ನೋಡಿರಲಿಲ್ಲ. ಅಂಥ ಭಯವನ್ನೂ ಕಂಡಿರಲಿಲ್ಲ. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೋ ತಿಳಿಯದೆ ಆ ದಿಕ್ಕಿಗೆ ಕೈ ಮುಗಿದ.

ಆಮೇಲೆ ಐದು ಗಂಟೆ ಹೊತ್ತು ಅಳಿಯನ ವೈರ್‌ಲೆಸ್ ಕೋಣೆಯ ಹೊಸಲ ಮೇಲೆ ಕೂತ. ಊಟಕ್ಕೆ ಕರೆದರೆ ಏಳಲಿಲ್ಲ. ಮಳೆ ಹನಿಯತೊಡಗಿತು, ಒಳಗೆ ಬನ್ನಿ ಎಂದರೂ ಬರಲಿಲ್ಲ. ಗಣಿಯಲ್ಲಿ ಅವನ ಪಾಳಿ ಮುಗಿಯುವ ಹೊತ್ತಿಗೆ ಮನೆಯಲ್ಲಿ ಮಂಗಮ್ಮ ಹೀಗೇ ಹೊಸಲ ಮೇಲೆ ಕೂತಿರುತ್ತಿದ್ದಳು. ದಾರಿಗಡ್ಡ ಏನು ಕೂತಿದೀಯ, ಎದ್ದು ಅನ್ನಕ್ಕಿಡು ಎಂದು ಅವನು ಎಷ್ಟು ಸಲ ರೇಗಿದ್ದನೋ ಲೆಕ್ಕವಿಲ್ಲ.

ಯಂತ್ರ ಕಟಕಟ ಎಂದಿತು. ಜಯರಾಮಪ್ಪ ಕಿವಿಗೆ ಹಾಕಿಕೊಂಡದ್ದನ್ನು ತೆಗೆದು ಹೊರಬಂದ. "ಮದರಾಸಲ್ಲಿ ಇಳೀತಂತೆ, ಮಾವ. ಎಲ್ಲಾರೂ ಕ್ಷೇಮ. ಅತ್ತೆಗೆ ತಂತಿ ಕೊಡ್ತೀನಿ, ಏನಂತ ಬರೀಲಿ?"

"ಮಗಳು ಬತ್ತಾವ್ಳೆ ಅನ್ನಿ."

"ಸರಿ. ನಿಮ್ಮ ವಿಷ್ಯ?"

ಮುನಿಸ್ವಾಮಪ್ಪ ಖಾಲಿ ಓಡುದಾರಿಯ ಕಡೆ ನೋಡಿದ. ಆಗಲೇ ದನಗಳು ಬಂದು ಮೇಯುತ್ತಿದ್ದವು.

"ಇಪ್ಪತ್ತಾರು ವರ್ಷ ನೀನು ಎಂಗೆ ಕುಂತಿದ್ದೆ ಅಂತ ಈವತ್ತು ಗೊತ್ತಾಯ್ತು ಕಣೇ ಅನ್ನಿ."

ತಂತಿಗೆ ಇಷ್ಟುದ್ದ ಬರೆಯುವುದಿಲ್ಲ ಎನ್ನಲು ಹೊರಟ ಜಯರಾಮಪ್ಪ, ಮಾವನ ಮುಖ ನೋಡಿ, ಒಂದು ಮಾತೂ ಬಿಡದೆ ಅಷ್ಟನ್ನೂ ಕಳಿಸಿದ.